ಎಡ ಭುಜದ ಅಳತೆ

"ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ. ಒಳಗೆ ಒಂದು ಪ್ಯಾಡು ಜಾಸ್ತಿ ಇಡ್ಬೇಕು. ವಕೀಲರಿಗೆ ಹೇಳೋದು ಬೇಡ, ಬೇಜಾರು ಮಾಡ್ಕೋತಾರೆ," ಎಂದು ಹೇಳುತ್ತಿರುವಾಗಲೇ ಇಂಚು ಮಾಮನ ಕೈಯಿಂದ ಫೋನು ಹೋಯಿತು. ಹೋಯಿತು ಎಂಬುದು ತಲೆಗೆ ಹತ್ತಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವರು ತಮ್ಮ ಖಾಲಿ ಅಂಗೈಗೆ "ಕಾಲರು ಹದಿನಾರು" ಎಂದೂ ಹೇಳಿಬಿಟ್ಟಿದ್ದರು.

ಸ್ಕೂಟರಿನ ಮೇಲೆ ಇಬ್ಬರು. ಹಿಂದೆ ಕೂತವನು ಕೈ ಚಾಚಿ, ಗಿಡದಿಂದ ಹಣ್ಣು ಕಿತ್ತಷ್ಟು ಸಲೀಸಾಗಿ ಕಿತ್ತುಕೊಂಡ. ಸಿಗ್ನಲ್ಲಿನ ಹಳದಿ ದೀಪ ಕೆಂಪಾಗುವುದರೊಳಗೆ ಎರಡು ಬಸ್ಸುಗಳ ನಡುವೆ ತೂರಿಕೊಂಡು ಹೊರಟೇಹೋದರು. "ಅಯ್ಯೋ, ಹಿಡೀರಿ ಅವ್ರನ್ನ!" ಎಂದು ಕೂಗಿದ್ದು ಪಕ್ಕದಲ್ಲಿ ನಿಂತಿದ್ದ ಹೆಂಗಸು. ಮಾಮ ಕೂಗಲೇ ಇಲ್ಲ. ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರನ್ನು ಹಿಡಿದು ಕೂರಿಸಿ ತಮ್ಮ ಮಂಡಿನೋವಿನ ಕಥೆಯನ್ನು ಮೊದಲಿನಿಂದ ಹೇಳುವ ಮನುಷ್ಯ, ಅವತ್ತು ಮಾತ್ರ ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದರು.

ಅವರು ಟೈಲರು. ಮೂವತ್ತೆಂಟು ವರ್ಷದಿಂದ ಅದೇ ಬೀದಿಯಲ್ಲಿ, ಡ್ರೈಕ್ಲೀನಿಂಗ್ ಅಂಗಡಿಗೂ ಬೀಗ ರಿಪೇರಿ ಅಂಗಡಿಗೂ ನಡುವೆ, ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು, ಒಂದು ಆಳೆತ್ತರದ ಕನ್ನಡಿ, ಒಂದು ಪರದೆ ಇಟ್ಟುಕೊಂಡು ಹೊಲಿಯುತ್ತಿದ್ದರು. ಎಲ್ಲವನ್ನೂ ಇಂಚಿನಲ್ಲಿ ಹೇಳುವ ಅಭ್ಯಾಸದಿಂದ ಆ ಹೆಸರು ಬಂದಿತ್ತು. ಚಹಾ ಕೇಳಿದರೂ "ಲೋಟಕ್ಕೆ ಎರಡು ಇಂಚು ಸಾಕು" ಎನ್ನುತ್ತಿದ್ದರು. ಹೆಂಡತಿ ಬದುಕಿದ್ದಾಗ ಜಗಳವಾಡಿದರೆ "ನಿಂದು ಕಾಲು ಇಂಚು ತಪ್ಪು, ನಂದು ಮುಕ್ಕಾಲು" ಎಂದು ರಾಜಿಯಾಗುತ್ತಿದ್ದರಂತೆ.

ಗಿರಾಕಿಗಳ ಅಳತೆಗೆ ಮೊದಲು ನೋಟುಪುಸ್ತಕವಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಮೂರು ಯಾವುದು, ಎಂಟು ಯಾವುದು ಎಂದು ತಿಳಿಯದೆ ಒಬ್ಬ ದಪ್ಪ ಮನುಷ್ಯನಿಗೆ ಅವನ ಮಗನ ಪ್ಯಾಂಟು ಹೊಲಿದುಕೊಟ್ಟರು. ಆಗ ಮಗಳೇ ಹೇಳಿದ್ದು: "ಅಪ್ಪಾ, ಬರೆಯೋ ಗೋಳು ಯಾಕೆ? ಹೇಗೂ ಬಾಯಿ ಸುಮ್ನಿರಲ್ಲ. ಫೋನಲ್ಲಿ ರೆಕಾರ್ಡ್ ಮಾಡಿಬಿಡು." ಅದು ಅವರಿಗೆ ಹೇಳಿ ಮಾಡಿಸಿದಂತಿತ್ತು. ಟೇಪು ಹಿಡಿದು ಒಬ್ಬೊಬ್ಬರ ಹೆಸರು ಹೇಳಿ, ಎದೆ, ಸೊಂಟ, ತೋಳು ಎಂದು ಶುರುಮಾಡಿದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಯಾರಿಗೆ ಬೆನ್ನು ಗೂನಾಗುತ್ತಿದೆ, ಯಾರು ಸೊಂಟದ ಅಳತೆ ಸುಳ್ಳು ಹೇಳುತ್ತಾರೆ, ಯಾರಿಗೆ ಕುಡಿತ ಜಾಸ್ತಿಯಾಗಿ ಹೊಟ್ಟೆ ಬಂದಿದೆ, ಎಲ್ಲ ಬರುತ್ತಿತ್ತು. ಪುಸ್ತಕದಲ್ಲಿ ಬರೀ ಅಂಕಿಗಳಿದ್ದವು. ಫೋನಿನಲ್ಲಿ ಮನುಷ್ಯರೇ ಇದ್ದರು.

ಆ ಫೋನಿಗೆ ಬೀಗವಿರಲಿಲ್ಲ. ಮಗಳು ಬೆರಳಚ್ಚಿನ ಬೀಗ ಹಾಕಲು ಆರು ಸಲ ಪ್ರಯತ್ನಿಸಿದ್ದಳು. ಮೂವತ್ತೆಂಟು ವರ್ಷ ಸೂಜಿ ಚುಚ್ಚಿ, ಸೀಮೆಸುಣ್ಣ ಉಜ್ಜಿ, ಇಸ್ತ್ರಿಪೆಟ್ಟಿಗೆ ತಾಗಿ ಬೆರಳ ತುದಿಗಳು ನುಣ್ಣಗೆ ಸವೆದುಹೋಗಿದ್ದವು. ಫೋನಿಗೆ ಅಲ್ಲಿ ಗೆರೆಗಳೇ ಕಾಣಿಸಲಿಲ್ಲ. ನಂಬರು ಹಾಕಿಕೊಟ್ಟರೆ, ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನಂಬರು ಒತ್ತುವುದು ಹೇಗೆ ಎಂದು ಅವರು ಗೊಣಗಿದರು. ಕೊನೆಗೆ ಅವಳೇ ಬೇಸತ್ತು ತೆಗೆದುಹಾಕಿದ್ದಳು.

ಅಂಗಡಿಗೆ ಬಂದು ವಿಷಯ ಹೇಳಿದಾಗ ಗುಂಡಿ ಹಾಕಲು ಕಾಜಾ ಹೊಲಿಯುತ್ತಿದ್ದ ಮಗಳು ತಲೆ ಚಚ್ಚಿಕೊಂಡಳು. ಮರುಗಳಿಗೆಯೇ ತನ್ನ ಫೋನಿನಿಂದ ಅವರ ಸಿಮ್ ನಿಲ್ಲಿಸಿದಳು.

"ಹೋಗ್ಲಿ ಬಿಡಪ್ಪಾ, ಹಳೇ ಫೋನು. ಕೈ ಕಾಲು ನೆಟ್ಟಗಿದ್ಯಲ್ಲ, ಅದೇ ಪುಣ್ಯ."

"ಫೋನು ಹಾಳಾಗಿ ಹೋಗ್ಲಿ ಕಣೇ. ಒಳಗಿರೋದು?"

"ಅದೇ ನಂಗೂ ಭಯ. ಈಗಿನ ಕಳ್ಳರು ಫೋನು ಮಾತ್ರ ಮಾರಲ್ಲ, ಒಳಗಿರೋದನ್ನೂ ಮಾರ್ತಾರಂತೆ. ಫೋಟೋ ಸಿಕ್ಕಿದ್ರೆ ಫೋಟೋದವ್ರಿಗೆ ಫೋನ್ ಮಾಡಿ ಹೆದರಿಸ್ತಾರಂತೆ." ಅವಳು ದಾರ ಕಚ್ಚಿ ತುಂಡು ಮಾಡಿದಳು. "ಪುಣ್ಯಕ್ಕೆ ನಿಂದ್ರಲ್ಲಿ ಫೋಟೋ ಇಲ್ಲ. ಬರೀ ಮಾತು. ನಿನ್ ಮಾತು ಪೂರ್ತಿ ಕೇಳಿದ್ರೆ ಅವ್ರೇ ವಾಪಸ್ ತಂದು ಕೊಡ್ತಾರೆ ನೋಡು."

ಬೇರೆ ದಿನವಾಗಿದ್ದರೆ ಇದಕ್ಕೆ ಇಂಚು ಮಾಮ ಒಂದಕ್ಕೆ ನಾಲ್ಕು ಸೇರಿಸಿ ಹೇಳುತ್ತಿದ್ದರು. ಅವತ್ತು ಸುಮ್ಮನೆ ಹೋಗಿ ಕತ್ತರಿಸುವ ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು. ಅವರ ತಲೆಯಲ್ಲಿ ಇದ್ದದ್ದು ಇನ್ನೂರ ಮೂವತ್ತು ಗ್ರಾಂ ಸಾಸಿವೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮಗಳು ಊಟಕ್ಕೆ ಹೋಗಿದ್ದಾಗ, ಲೈಬ್ರರಿ ಮೇಡಂ ಬಂದಿದ್ದರು. ಎರಡು ಬೀದಿಯಾಚೆಯ ಸಾರ್ವಜನಿಕ ಲೈಬ್ರರಿಯಲ್ಲಿ ಕೆಲಸ, ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ, ಮನೆಯಲ್ಲಿ ತಾಯಿ ಒಬ್ಬರೇ. ಮೇಡಂ ಮಾಮನ ಮುಖ ನೋಡಲಿಲ್ಲ, ಕನ್ನಡಿಯಲ್ಲಿದ್ದ ತಮ್ಮ ಮುಖಕ್ಕೆ ಹೇಳುವಂತೆ ಹೇಳಿದರು. ಎಡಗಡೆಯ ಸ್ತನ ತೆಗೆಸಿಕೊಂಡಿದ್ದರು. ಆರು ವರ್ಷದ ಹಿಂದೆ ಅಕ್ಕ ಅದೇ ಕಾಯಿಲೆಯಿಂದ ಸತ್ತಿದ್ದಳು. ಆಮೇಲೆ ತಾಯಿ, ಇದ್ದೊಬ್ಬ ಮಗಳು ಸೀನಿದರೂ ಎದ್ದು ಬರುತ್ತಿದ್ದರು. ಅವರಿಗೆ ಹೇಗೆ ಹೇಳುವುದು? ಮೂರು ವಾರ ಬೇರೆ ಊರಿನಲ್ಲಿ ತರಬೇತಿ ಎಂದು ಸುಳ್ಳು ಹೇಳಿ, ಒಬ್ಬರೇ ಆಸ್ಪತ್ರೆಗೆ ಸೇರಿ, ಒಬ್ಬರೇ ವಾಪಸಾಗಿದ್ದರು. ಅಂಗಡಿಯಲ್ಲಿ ಸಿಗುವ ಕೃತಕದ್ದು ಮೈಗೆ ಬೆಂಕಿ ಹಾಕಿದಂತಾಗುತ್ತಿತ್ತು, ಜಾರುತ್ತಲೂ ಇತ್ತು. ಹಗುರ ಬಟ್ಟೆ ತುರುಕಿಕೊಂಡರೆ ಆ ಕಡೆಯ ಭುಜ ಮೇಲಕ್ಕೇರುತ್ತಿತ್ತು.

"ಅಮ್ಮನ ಕಣ್ಣಿಗೆ ಬೀಳೋಕ್ಕೆ ಮೊದ್ಲು ಏನಾದ್ರೂ ಮಾಡಿ ಮಾಮ. ಡಾಕ್ಟರ್ ಬಿಟ್ರೆ ನಿಮಗೊಬ್ರಿಗೇ ಗೊತ್ತಿರೋದು."

ಇಂಚು ಮಾಮ ಮೂರು ಸಲ ಕಟ್ಟಿದರು, ಮೂರು ಸಲ ಬಿಚ್ಚಿದರು. ಮೆತ್ತನೆಯ ಹತ್ತಿಬಟ್ಟೆ ಎರಡು ಪದರ, ಒಳಗೆ ಸಾಸಿವೆ. ಸಾಸಿವೆ ಯಾಕೆಂದರೆ ಅದು ಚುಚ್ಚುವುದಿಲ್ಲ, ಮೈ ಆಡಿದಂತೆ ಆಡುತ್ತದೆ. ಬೀದಿಯ ತರಕಾರಿಯವನ ತಕ್ಕಡಿಯಲ್ಲಿ ಇಟ್ಟು ತೂಗಿಸಿದಾಗ ಅವನು "ಏನ್ ಮಾಮ ಇದು?" ಎಂದಿದ್ದ. "ಸೂಜಿ ದಿಂಬು ಕಣಯ್ಯ, ಸೂಜಿ ಚುಚ್ಚಿಡೋಕ್ಕೆ," ಎಂದಿದ್ದರು ಮಾಮ. ಇನ್ನೂರ ಮೂವತ್ತಕ್ಕೆ ಕನ್ನಡಿಯಲ್ಲಿ ಎರಡೂ ಭುಜ ಒಂದೇ ಗೆರೆಗೆ ಬಂದವು. ಅವತ್ತಿನಿಂದ ಮೇಡಂ ಆರು ತಿಂಗಳಿಗೊಮ್ಮೆ ಹಳೆಯದು ಕೊಟ್ಟು ಹೊಸದು ತೆಗೆದುಕೊಂಡು ಹೋಗುತ್ತಿದ್ದರು. ಇಂಚು ಮಾಮ ಇದನ್ನು ಸ್ವಂತ ಮಗಳಿಗೂ ಹೇಳಿರಲಿಲ್ಲ. ಫೋನಿಗೆ ಮಾತ್ರ ಹೇಳಿದ್ದರು, ಹೆಸರು ಸಮೇತ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರು ತಲೆ ಎತ್ತದೆ ಕೇಳಿದರು.

"ಫೋನಲ್ಲಿ ಏನೇನಿತ್ತು?"

"ಅಳತೆ ಇತ್ತು ಸಾರ್."

"ಯಾವ ಅಳತೆ? ಸೈಟಿಂದಾ?"

"ಜನರದ್ದು."

ರೈಟರು ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಬೆಳಗ್ಗೆಯಿಂದ ಇದು ಹನ್ನೊಂದನೇ ಫೋನು. ತಮಾಷೆ ಮಾಡೋ ವಯಸ್ಸಲ್ಲ ನಿಮ್ದು. ಲಾಕ್ ಏನಿತ್ತು?"

"ಇರ್ಲಿಲ್ಲ."

"ಮನೆಗೆ ಬಾಗಿಲಾದ್ರೂ ಇದ್ಯಾ, ಅದನ್ನೂ ತೆಗೆಸಿಬಿಟ್ಟಿದ್ದೀರಾ?"

ಮಾಮ ಹತ್ತೂ ಬೆರಳುಗಳನ್ನು ಅಗಲಿಸಿ ಅವರ ಮುಂದೆ ಹಿಡಿದರು. ರೈಟರು ಒಂದು ಬೆರಳನ್ನು ಹಿಡಿದು ದೀಪದ ಕಡೆ ತಿರುಗಿಸಿ ನೋಡಿದರು. "ಕಳ್ಳತನಕ್ಕೆ ನೀವೇ ಹೋಗ್ಬಹುದಿತ್ತು, ಸಿಕ್ಕಿಬೀಳ್ತಾನೇ ಇರ್ಲಿಲ್ಲ," ಎಂದು ನಕ್ಕು, ದೂರಿಗೆ ಸಹಿ ಹಾಕಿಸಿಕೊಂಡರು.

ಮಾರನೇ ದಿನ ಬೆಳಗ್ಗೆ ಇಂಚು ಮಾಮ ಲೈಬ್ರರಿಗೆ ಹೋದರು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕೌಂಟರಿನ ಹಿಂದೆ ಮೇಡಂ ಕೂತಿದ್ದರು, ಭುಜಗಳು ನೆಟ್ಟಗೆ. ಪಕ್ಕದಲ್ಲಿ ಇಬ್ಬರು ವಿದ್ಯಾರ್ಥಿಗಳು, ಪೇಪರು ಓದುತ್ತಿದ್ದ ಒಬ್ಬ ಮುದುಕ.

"ಏನ್ ಮಾಮ, ನೀವು ಇಲ್ಲಿ? ದಾರಿ ತಪ್ಪಿತಾ?"

"ಇಲ್ಲ... ಪುಸ್ತಕ ಬೇಕಿತ್ತು."

"ಯಾವ್ದು?"

ಮಾಮ ಕಪಾಟುಗಳನ್ನು ನೋಡಿದರು, ಮುದುಕನನ್ನು ನೋಡಿದರು. "ಯಾವ್ದಾದ್ರೂ ಸರಿ. ದಪ್ಪ ಬೇಡ. ಮುಕ್ಕಾಲು ಇಂಚು ಸಾಕು."

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತಾವೇ ಸದಸ್ಯತ್ವದ ಕಾರ್ಡು ತುಂಬಿ, ಜೇನು ಸಾಕುವುದು ಹೇಗೆ ಎಂಬ ಪುಸ್ತಕ ಹುಡುಕಿ, ಬೆರಳಿನಿಂದ ದಪ್ಪ ಅಳೆದು ತೋರಿಸಿ, ಮೊಹರು ಹಾಕಿ ಕೊಟ್ಟರು. ಇಂಚು ಮಾಮ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸಾದರು. ಬಾಯಿಪಾಠ ಮಾಡಿದ್ದು ಬಾಯಲ್ಲೇ ಉಳಿಯಿತು.

"ಜೇನು ಸಾಕ್ತೀಯೇನಪ್ಪಾ? ಎಲ್ಲಿ, ಬಾಬಿನ್ ಡಬ್ಬೀಲಾ?" ಎಂದು ಮಗಳು ಕೇಳಿದಳು. ಅವರು ಪುಸ್ತಕವನ್ನು ಮೆಷಿನ್ನಿನ ಪಕ್ಕಕ್ಕಿಟ್ಟು ಕತ್ತರಿ ಎತ್ತಿಕೊಂಡರು. ಆ ಎರಡು ದಿನ ಅಂಗಡಿ ಮುಂದೆ ಸ್ಕೂಟರು ನಿಂತ ಸದ್ದಾದರೆ ತಲೆ ಎತ್ತುತ್ತಿದ್ದರು. ಮಗಳ ಫೋನು ಗುಂಯ್ ಎಂದರೆ ಕತ್ತರಿ ನಿಲ್ಲುತ್ತಿತ್ತು. ಹೋದದ್ದು ತಮ್ಮ ವಸ್ತುವಾಗಿದ್ದರೆ ಬೈದು ಕೂಗಾಡಿ ಹಗುರಾಗುತ್ತಿದ್ದರು. ಇದು ಯಾರೋ ನಂಬಿ ಕೊಟ್ಟದ್ದು. ಮೇಡಂ ಹೆಸರು, ಅವರ ನಂಬರು ಅದರಲ್ಲಿತ್ತು. ಕೋಟು ಹೊಲಿಸಲು ಅಳತೆ ಕೊಟ್ಟಿದ್ದ ಅವರ ತಾಯಿಯ ನಂಬರೂ ಅದರಲ್ಲೇ ಇತ್ತು. ಎಲ್ಲೋ ಕೂತ ಯಾವನೋ ಒಬ್ಬ ಸುಮ್ಮನೆ ತಮಾಷೆಗೆ ಆ ಮುದುಕಿಗೆ ಫೋನು ಮಾಡಿದರೆ?

ನಾಲ್ಕನೇ ದಿನ ಠಾಣೆಯಿಂದ ಮಗಳಿಗೆ ಕರೆ ಬಂತು. ಒಂದು ಗೋದಾಮಿನಲ್ಲಿ ಚೀಲಗಟ್ಟಲೆ ಫೋನು ಸಿಕ್ಕಿವೆ, ಬಂದು ಗುರುತಿಸಿ.

ಉದ್ದನೆಯ ಮೇಜಿನ ಮೇಲೆ ಮೂವತ್ತು ನಲವತ್ತು ಫೋನುಗಳನ್ನು ಮೀನು ಹರಡಿದಂತೆ ಹರಡಿದ್ದರು. ಸುತ್ತ ಹತ್ತು ಹನ್ನೆರಡು ಜನ. ಇಂಚು ಮಾಮನಿಗೆ ತಮ್ಮದು ದೂರದಿಂದಲೇ ಕಂಡಿತು. ಹಿಂಬದಿಯಲ್ಲಿ ತುಂಡು ಟೇಪು ಅಂಟಿಸಿತ್ತು, ಸ್ಪೀಕರಿನ ತೂತುಗಳಲ್ಲಿ ಸೀಮೆಸುಣ್ಣ ತುಂಬಿತ್ತು.

"ತಡೀರಿ ಯಜಮಾನ್ರೇ," ರೈಟರು ಫೋನನ್ನು ತಾವೇ ಎತ್ತಿಕೊಂಡರು. "ಲಾಕ್ ಇದ್ದೋರು ತೆಗೆದು ತೋರಿಸ್ತಿದ್ದಾರೆ. ನಿಮ್ದಕ್ಕೆ ಅದಿಲ್ಲ. ಯಾರು ಬೇಕಾದ್ರೂ ನಂದು ಅನ್ಬಹುದು. ಒಳಗೆ ನಿಮ್ ದನಿ ಇದೆ ತಾನೇ? ಒಂದು ಹಾಕಿ ಕೇಳೋಣ."

ಪಟ್ಟಿಯಲ್ಲಿ ಹೆಸರಿರಲಿಲ್ಲ, ಬರೀ ತಾರೀಕು. ರೈಟರ ಹೆಬ್ಬೆರಳು ಮೇಲಿಂದ ಕೆಳಕ್ಕೆ ಸರಸರ ಓಡುತ್ತಿತ್ತು. ಎಲ್ಲಿ ನಿಂತರೆ ಯಾರ ಮೈ ಹೊರಗೆ ಬರುತ್ತದೋ.

"ಕೊನೇದು ಹಾಕಿ ಸಾರ್!" ಇಂಚು ಮಾಮ ಎಷ್ಟು ಜೋರಾಗಿ ಹೇಳಿದರೆಂದರೆ ಪಕ್ಕದವರು ತಿರುಗಿ ನೋಡಿದರು. "ಕೊನೇದು ಮಾತ್ರ. ಕೈ ಮುಗೀತೀನಿ."

ರೈಟರು ಕೊನೆಯದನ್ನು ಒತ್ತಿದರು. "ವಕೀಲರ ಕೋಟು," ಎಂದಿತು ಫೋನಿನೊಳಗಿನ ಇಂಚು ಮಾಮ. "ಎದೆ ನಲವತ್ತೆರಡು. ಹೊಟ್ಟೆ ನಲವತ್ತಾರು, ಅವ್ರಿಗೆ ನಲವತ್ಮೂರು ಅಂತ ಹೇಳಿದೀನಿ, ಸಂತೋಷವಾಗಿರ್ಲಿ ಪಾಪ." ಸುತ್ತ ಇದ್ದವರೆಲ್ಲ ಗೊಳ್ಳೆಂದರು.

"ಯಾವ ವಕೀಲರು ಯಜಮಾನ್ರೇ?"

"ಅದನ್ನ ಹೇಳಲ್ಲ ಸಾರ್."

ಎಡ ಭುಜದ ಮಾತು ಬಂತು. ನಡುವೆ ಒಂದು ಸರಕ್ ಎಂಬ ಸದ್ದು. ಆಮೇಲೆ ಗಾಳಿ, ಸ್ಕೂಟರಿನ ಗೊರಗೊರ. ರೆಕಾರ್ಡಿಂಗು ನಿಂತಿರಲೇ ಇಲ್ಲ. ನಗು ತಣ್ಣಗಾಯಿತು, ರೈಟರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಮುದುಕ ಇನ್ನೂ ಕೈಗೆ ಮಾತಾಡ್ತಾ ನಿಂತಿದಾನೆ ನೋಡೋ," ಎಂದಿತು ಒಂದು ಎಳೆಯ ದನಿ. ಇನ್ನೊಂದು ನಕ್ಕಿತು. ಬಹಳ ಹೊತ್ತು ಬರೀ ರಸ್ತೆಯ ಸದ್ದು. ಗಾಡಿ ನಿಂತಿತು. "ಲಾಕೇ ಇಲ್ಲ ಕಣೋ ಇದಕ್ಕೆ. ಏ, ರೆಕಾರ್ಡ್ ಆಗ್ತಾ ಇದೆ. ಇಲ್ನೋಡು, ಇಂಥವೇ ಮುನ್ನೂರಿದೆ."

"ಒಂದು ಹಾಕು, ಕೇಳೋಣ."

ಅಲ್ಲಿಗೆ ಮುಗಿಯಿತು.

ರೈಟರು ಸಂತೋಷದಿಂದ ಮೇಜು ಕುಟ್ಟಿದರು. ಎರಡು ದನಿ ಸಿಕ್ಕಿದ್ದವು. ಇದರ ಕಾಪಿ ತೆಗೆದುಕೊಳ್ಳುತ್ತೇವೆ ಎಂದರು.

"ಇದೊಂದೇ ತಾನೇ ಸಾರ್?"

"ಇನ್ನೇನು, ಊರಿನೋರ ಹೊಟ್ಟೆ ಕೇಳ್ಕೊಂಡು ಕೂರ್ಲಾ ನಾನು?"

ಮೂರು ಕಡೆ ಸಹಿ ಹಾಕಿ ಫೋನು ತೆಗೆದುಕೊಂಡು ಹೊರಗೆ ಬಂದಾಗ ಮಗಳು ಹಗುರಾಗಿದ್ದಳು. "ಸಿಕ್ತಲ್ಲ, ಇನ್ನು ಬಿಡು. ಯಾರ ಹತ್ರಾನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ಗಿರಾಕಿಗಳು ಪರದೆ ಹಿಂದಕ್ಕೇ ಬರಲ್ಲ."

"ಒಂದು ಹಾಕು ಅಂದ್ರಲ್ಲೇ."

"ಅಂದ್ರೆ ಅನ್ಲಿ. ಯಾವ್ದು ಹಾಕಿದ್ರೋ ಏನೋ. ಮುನ್ನೂರರಲ್ಲಿ ಒಂದು."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಟ್ಟಿದಾರಭ್ಯ ಬಾಯಿ ಮುಚ್ಚದ ಮನುಷ್ಯನಿಗೆ ಅದೊಂದು ಒಳ್ಳೆಯ ಅವಕಾಶವೂ ಆಗಿತ್ತು. ಇಂಚು ಮಾಮ ಅಂಗಡಿಗೆ ಬಂದು, ಜೇನಿನ ಪುಸ್ತಕ ಎತ್ತಿಕೊಂಡು, ಲೈಬ್ರರಿಯ ಕಡೆ ನಡೆದರು.

ಮೇಡಂ ಒಳಗಿನ ಕಪಾಟುಗಳ ನಡುವೆ, ಗಾಲಿಯ ಬಂಡಿಯಿಂದ ಪುಸ್ತಕಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಸುತ್ತ ಯಾರೂ ಇರಲಿಲ್ಲ. ಈ ಸಲ ಮಾಮ ಬಾಯಿಪಾಠ ಮಾಡಿರಲಿಲ್ಲ. ಫೋನು ಹೋದದ್ದು, ಸಿಕ್ಕಿದ್ದು, ಕೊನೆಗೆ ಕೇಳಿಸಿದ ಮಾತು, ಎಲ್ಲ ಹೇಳಿದರು. ಮೇಡಂ ಕೈಯಲ್ಲಿದ್ದ ಪುಸ್ತಕ ಕೈಯಲ್ಲೇ ಉಳಿಯಿತು.

"ಹೆಸರು ಹೇಳಿದ್ರಾ ಅದರಲ್ಲಿ?"

"ಹೇಳಿದೀನಿ."

"ಯಾಕೆ?"

"ತೂಕ ಮರೆತುಹೋಗುತ್ತೆ ಅಂತ."

"ತೂಕ ಒಂದೇ ಹೇಳಬಹುದಿತ್ತಲ್ಲ ಮಾಮ. ಇನ್ನೂರ ಮೂವತ್ತು ಅಂದ್ರೆ ಆಗ್ತಿತ್ತು. ಎರಡು ಪದ." ದನಿ ಏರಲಿಲ್ಲ, ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರ ಸಿಟ್ಟು ಅದು. ಮಾಮ ತಮ್ಮ ಚಪ್ಪಲಿ ನೋಡುತ್ತ ನಿಂತರು. ಮೇಡಂ ಕೈ ಚಾಚಿದರು. "ಏನಂದಿದೀರಿ, ಕೇಳ್ತೀನಿ ಕೊಡಿ."

ಹುಡುಕಿ ಕೊಟ್ಟರು. ಮೇಡಂ ಫೋನಿನ ದನಿ ತಗ್ಗಿಸಿ ಕಿವಿಗೆ ಹಿಡಿದರು. ಆದರೂ ಆ ಸದ್ದಿಲ್ಲದ ಜಾಗದಲ್ಲಿ ಇಂಚು ಮಾಮನಿಗೆ ತಮ್ಮದೇ ಮಾತು ಕೇಳಿಸುತ್ತಿತ್ತು.

"ಲೈಬ್ರರಿ ಮೇಡಂ. ಎಡಗಡೆ ಇಲ್ಲ. ತೆಗೆದಿದಾರೆ. ಸಾಸಿವೆ ಇನ್ನೂರ ಮೂವತ್ತು ಗ್ರಾಂ, ಅದಕ್ಕಿಂತ ಕಮ್ಮಿ ಆದ್ರೆ ಭುಜ ಏರುತ್ತೆ. ಹೊಲಿಗೆ ಒಳಗಡೆ ಬರ್ಲಿ, ಗಾಯಕ್ಕೆ ಒತ್ತಬಾರ್ದು. ಮೊದಲ ಸಲ ಬಂದಾಗ ಗೋಡೆ ಹಿಡ್ಕೊಂಡು ನಿಂತಿದ್ರು. ಇವತ್ತು ಕನ್ನಡಿ ನೋಡಿ ನಕ್ರು. ಎಷ್ಟೋ ಕೋಟು ಹೊಲಿದಿದೀನಿ, ಇಂಥ ಕೆಲಸ ಮಾಡಿರ್ಲಿಲ್ಲ. ಚೆನ್ನಾಗಿರ್ಲಿ ತಾಯಿ."

ಮುಗಿಯಿತು. ಮೇಡಂ ಇನ್ನೊಂದು ಸಲ ಹಾಕಿದರು. ಎಡಗಡೆ ಇಲ್ಲ ಎಂಬಲ್ಲಿ ಕಣ್ಣು ಮುಚ್ಚಿಕೊಂಡರು. ಡಾಕ್ಟರರು ಅದನ್ನು ದೊಡ್ಡ ದೊಡ್ಡ ಶಬ್ದಗಳಲ್ಲಿ ಹೇಳಿದ್ದರು. ಹೀಗೆ ಯಾರೂ ಹೇಳಿರಲಿಲ್ಲ.

"ಅಮ್ಮನ ನಂಬರೂ ಇದರಲ್ಲಿತ್ತಾ?"

"ಇತ್ತು."

ಮೇಡಂ ತಾವೇ ಆ ರೆಕಾರ್ಡಿಂಗನ್ನು ಅಳಿಸಿದರು. ಅವರ ಬೆರಳಿಗೆ ಒಂದೇ ಸಲಕ್ಕೆ ಅಳಿಸಿಹೋಯಿತು. ಫೋನು ವಾಪಸು ಕೊಟ್ಟು, ಮಾಮ ಚಾಚಿದ ಪುಸ್ತಕವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. "ಅದಕ್ಕಿನ್ನೂ ದಿನ ಇದೆ. ಓದಿ ಮುಗಿಸಿ ತನ್ನಿ," ಎಂದು ಬಂಡಿ ತಳ್ಳಿಕೊಂಡು ಮುಂದಿನ ಸಾಲಿಗೆ ಹೋದರು.

ಮುಂದಿನ ಶನಿವಾರ ಮಧ್ಯಾಹ್ನ ಮೇಡಂ ಅಂಗಡಿಗೆ ಬಂದರು. ಜೊತೆಯಲ್ಲಿ ತಾಯಿ. ಯಾವತ್ತೂ ಒಟ್ಟಿಗೆ ಬಂದವರಲ್ಲ. ಮುದುಕಿ ಸಣ್ಣಗೆ ನೆಟ್ಟಗಿದ್ದರು, ಬಾಯಿ ಮಾಮನಿಗೆ ಸರಿಸಮ. ಒಳಗೆ ಕಾಲಿಡುತ್ತಲೇ, "ನೀನು ಹೊಲಿದ ಕೋಟು ಹಾಕ್ಕೊಂಡ್ರೆ ಕೈ ಎತ್ತೋಕ್ಕಾಗಲ್ಲ ಕಣಯ್ಯಾ, ಪೊಲೀಸ್ನೋರು ಹ್ಯಾಂಡ್ಸಪ್ ಅಂದ್ರೆ ಏನ್ ಮಾಡ್ಲಿ?" ಎಂದರು.

"ನಿಮ್ಮನ್ನ ಹಿಡಿಯೋಕ್ಕೆ ಯಾವ ಪೊಲೀಸ್ನೋರಿಗೆ ಧೈರ್ಯ ಇದ್ಯಮ್ಮ? ಕೂತ್ಕೊಳ್ಳಿ, ಕಂಕುಳಲ್ಲಿ ಅರ್ಧ ಇಂಚು ಬಿಡ್ತೀನಿ."

ಮೇಜಿನ ಮೇಲೆ ಹೊಸ ನೋಟುಪುಸ್ತಕವಿತ್ತು. ಇಂಚು ಮಾಮ ಈಗ ಭೂತಗನ್ನಡಿ ಹಿಡಿದು ದಪ್ಪ ದಪ್ಪ ಅಂಕಿಗಳನ್ನಷ್ಟೇ ಬರೆಯುತ್ತಿದ್ದರು. ಮುದುಕಿಯ ತೋಳಿನ ಅಳತೆ ಮುಗಿದ ಮೇಲೆ ಮೇಡಂ ಪರದೆಯ ಹಿಂದಕ್ಕೆ ಹೋದರು. ಎಂದಿನಂತೆ ಪರದೆಯ ಅಂಚಿನಿಂದ ಒಂದು ಕೈ ಹೊರಬಂದು, ಹಳೆಯ ಬಟ್ಟೆಗಂಟನ್ನು ಮೇಜಿನ ಮೂಲೆಗೆ ಇಟ್ಟಿತು. ಎಂದಿನಂತೆ ಅಲ್ಲ ಎಂಬುದು ಮಾಮನಿಗೆ ಆಮೇಲೆ ಹೊಳೆಯಿತು. ಆ ಮೂಲೆಯಲ್ಲಿ ಸ್ಟೂಲಿನ ಮೇಲೆ ತಾಯಿ ಕೂತಿದ್ದರು.

"ಇದೇನಿದು, ಸೂಜಿ ದಿಂಬಾ? ಒಂದು ಸೂಜೀನೂ ಇಲ್ವಲ್ಲ."

ಹಳೆಯ ಸುಳ್ಳು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಇಂಚು ಮಾಮ ಬಾಯಿ ತೆರೆದರು. ಅವರಿಗಿಂತ ಮೊದಲು ಪರದೆಯ ಹಿಂದಿನಿಂದ ಉತ್ತರ ಬಂತು.

"ಅಲ್ಲಮ್ಮಾ. ಅದು ನಂದು."

ಮಾಮನ ಮಗಳ ಮೆಷಿನ್ನು ನಿಂತಿತು. ಮೇಡಂ ಪರದೆ ಸರಿಸಿ ಹೊರಗೆ ಬಂದು ನಿಂತರು, ಹೊಸದನ್ನು ಹಾಕಿಕೊಳ್ಳದೆ. ಎಡ ಭುಜ ಅರ್ಧ ಇಂಚು ಮೇಲಕ್ಕೇರಿತ್ತು. ಮುದುಕಿ ಮಗಳ ಮುಖ ನೋಡಿದರು. ಆಮೇಲೆ ಭುಜ, ಅದರ ಕೆಳಗೆ ಒಳಕ್ಕೆ ಕುಸಿದಿದ್ದ ಅಂಗಿ. ಒಬ್ಬ ಮಗಳಲ್ಲಿ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಕಂಡಿದ್ದವರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವಾಗ?"

"ತರಬೇತಿ ಅಂತ ಹೋಗಿದ್ನಲ್ಲ. ಆವಾಗ."

ಎರಡು ವರ್ಷವನ್ನು ಮುದುಕಿ ಕೂತಲ್ಲೇ ಹಿಂದಕ್ಕೆ ನಡೆದು ಬಂದಂತಿತ್ತು. ಇಂಚು ಮಾಮ ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಮುದುಕಿ ಮೇಜಿನ ಮೂಲೆಯಿಂದ ಆ ಗಂಟನ್ನು ಎತ್ತಿಕೊಂಡರು. ಅದರಲ್ಲಿ ಇನ್ನೂ ಮೈಯ ಬಿಸಿ ಇತ್ತು. ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಹಾಕಿಕೊಂಡು ಅದರ ಭಾರ ನೋಡಿದರು. ಒಳಗಿನ ಸಾಸಿವೆ ಮೆಲ್ಲಗೆ ಸದ್ದು ಮಾಡುತ್ತ ಜಾರಿ, ಅಂಗೈಯ ಕುಳಿಗೆ ಬಂದು ಕೂತಿತು. ಮುದುಕಿ ಅದರ ಮೇಲೆ ಇನ್ನೊಂದು ಕೈಯನ್ನೂ ಮುಚ್ಚಿದರು.

ಪಕ್ಕದ ಅಂಗಡಿಯಲ್ಲಿ ಯಾರೋ ಒಂದು ಬೀಗಕ್ಕೆ ಕೀಲಿಕೈಗಳನ್ನು ಒಂದಾದ ಮೇಲೊಂದರಂತೆ ಹಾಕಿ ನೋಡುತ್ತಿದ್ದರು.